ಹಾಜರಿ ಪುಸ್ತಕದೊಳಗಿನ ಮಾಲಿನಿ

ಊರ ವಾಚನಾಲಯ, ತಾಲೂಕು ಅಕ್ಕಲಕೋಟ
ರವಿವಾರ, 12 ಫೆಬ್ರುವರಿ 1956

ಇಲ್ಲಿ ಕೂಡಿದ ಸಭೆಗೆ ಅಣ್ಣಾರಾಯ ಮಾಸ್ತರನ ನಮಸ್ಕಾರಗಳು. ಈ ವಾಚನಾಲಯಕ್ಕೆ ತಮ್ಮ ಪಡಸಾಲೆಯನ್ನೇ ಬಿಟ್ಟುಕೊಟ್ಟ ಹಣಮಂತಪ್ಪ ಪಾಟೀಲರಿಗೂ, ನಾನು ಈ ಊರಿಗೆ ಹೊಸಬನಾಗಿ ಬಂದಾಗ ಮಕ್ಕಳನ್ನು ಕುರಿಯ ಹಿಂದಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟ ಬೀರೋಬನ ಗುಡಿಯ ಹಿರಿಯರಿಗೂ ನನ್ನ ಕೃತಜ್ಞತೆಗಳು. ಇಂದು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತಿರುವ ಉಣ್ಣೆ ನೂಲುವ ತಾಯಂದಿರಿಗೆ, ಅವರಲ್ಲಿ ಹಿರಿಯಳಾದ ಅಕ್ಕನಾಗಮ್ಮನಿಗೆ, ಬೇರೆಯಾಗಿಯೇ ಕೈಮುಗಿಯುತ್ತೇನೆ. ಕದುರು ತಂದಿದ್ದರೆ ನಡೆಸಿರಿ, ತಾಯಿ. ನನ್ನ ಮಾತಿಗಾಗಿ ಕೈ ನಿಲ್ಲಿಸಬೇಕಾಗಿಲ್ಲ.

ಈ ಕಾಗದವನ್ನು ವಾಚನಾಲಯದ ಕಾರಕೂನ ಕಲ್ಲಣ್ಣ ಓದುತ್ತಾನೆ. ನಾನೇ ಎದ್ದು ಮಾತಾಡಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ನಾಲಿಗೆ ತಪ್ಪೊಪ್ಪಿಗೆಯನ್ನೂ ಉಪದೇಶ ಮಾಡಿಬಿಡುತ್ತದೆ.

ಸಂಗತಿಯ ಅರ್ಧ ತಮಗೆ ಗೊತ್ತಿದೆ. ಶ್ರಾವಣದ ಮಧ್ಯಾಹ್ನಗಳಲ್ಲಿ ಗುಡಿಯ ಕಟ್ಟೆಯ ಮೇಲೆ ತಾಯಂದಿರು ನೂಲುತ್ತಿರುವಾಗ ಶಾಲೆಯ ಒಬ್ಬ ಹುಡುಗಿ ಪುರಾಣ ಓದಿ ಹೇಳುವ ರೂಢಿಯನ್ನು ನಾನೇ ಹಾಕಿದೆ. ಹೋದ ಶ್ರಾವಣದಲ್ಲಿ ಆ ಪಾಳಿ ಕುರಿಗಾರ ಗೊಲ್ಲಾಳಪ್ಪನವರ ಮಗಳು, ಏಳನೆಯ ಇಯತ್ತೆಯ ಚಂದ್ರಭಾಗಾಳದಾಗಿತ್ತು. ಒಂದು ದಿನ ನಾನು ಗುಡಿಯ ಹಿಂದಿನಿಂದ ಬರುತ್ತಿದ್ದೆ. ಕಟ್ಟೆಯ ಮೇಲೆ ಒಂದು ಕದುರೂ ತಿರುಗುತ್ತಿರಲಿಲ್ಲ. ಎಷ್ಟು ಭಕ್ತಿ ಎಂದು ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಕ್ಕನಾಗಮ್ಮ ಕೇಳಿದಳು: "ನಿಂತಿ ಯಾಕ ಹುಡುಗಿ? ಆ ತಂತಿ ಆಫೀಸಿನ ಹೆಣ್ಮಗಳು ಬಾಗಲಾ ದೂಡಿದ್ಲೋ ಇಲ್ಲೋ? ಒಳಗ ಹೆಣಾ ಐತೋ ಇಲ್ಲೋ?"

ಪುರಾಣದಲ್ಲಿ ತಂತಿ ಆಫೀಸು ಇಲ್ಲ. ಹೋಗಿ ನೋಡಿದರೆ ಪುರಾಣದ ಹೊಟ್ಟೆಯೊಳಗೆ ತೆಳ್ಳನೆಯ ಒಂದು ಪತ್ತೇದಾರಿ ಕಾದಂಬರಿ ಕುಳಿತಿತ್ತು. ಮಾಲಿನಿ ಎಂಬ ತಂತಿ ಕಚೇರಿಯ ನೌಕರಳು ಕೊಲೆಗಳನ್ನು ಪತ್ತೆ ಹಚ್ಚುವ ಒಂದು ಮಾಲೆಯ ನಾಲ್ಕನೆಯ ಪುಸ್ತಕ ಅದು. ನಾನು ಕಸಿದುಕೊಂಡೆ, ಆಕೆ ಬಿಡಲಿಲ್ಲ. ಪುಸ್ತಕ ನನ್ನ ಕೈಗೆ ಬಂತು. ಕೊನೆಯ ಎಂಟು ಹಾಳೆ ಅವಳ ಮುಷ್ಟಿಯಲ್ಲಿ ಉಳಿದವು. ಅಂದು ಸಂಜೆ ಇದೇ ಸಭೆಯಲ್ಲಿ, ಗೊಲ್ಲಾಳಪ್ಪನವರು ಇದೇ ಬಾಗಿಲ ಬಳಿ ಕುಳಿತಿರುವಾಗ, "ಈ ಹುಡುಗಿಗೆ ಅಕ್ಷರ ದಕ್ಕುವುದಿಲ್ಲ, ಶಾಲೆ ಬಿಡಿಸುವುದೇ ಲೇಸು" ಎಂದೆ. ಅವರು ಎದ್ದು ಹೋದರು. ಮೂರನೆಯ ದಿನ ಮಗಳನ್ನು ದುಧನಿಯಲ್ಲಿ ರೈಲು ಹತ್ತಿಸಿ, ಸೋಲಾಪುರದ ತಂಗಿ ಸೋನಾಬಾಯಿಯ ಮನೆಗೆ ಕಳಿಸಿದರು.

ಚಂದ್ರಭಾಗಾ ಈ ವರ್ಷ ಹೊರಗಿನ ವಿದ್ಯಾರ್ಥಿನಿಯಾಗಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಅರ್ಜಿ ಬುಧವಾರದೊಳಗೆ ಅಕ್ಕಲಕೋಟಕ್ಕೆ ಮುಟ್ಟಬೇಕು. ಅದರ ಮೇಲೆ ತಂದೆಯ ಹೆಬ್ಬೆಟ್ಟು ಬಿದ್ದಿಲ್ಲ. ಯಾಕೆ ಬಿದ್ದಿಲ್ಲ ಎಂಬುದನ್ನು ನನ್ನ ಮತ್ತು ಅವಳ ನಡುವಿನ ಈ ಕಾಗದಗಳು ಹೇಳುತ್ತವೆ. ನಾನು ಬರೆದವುಗಳನ್ನು ಅವಳೇ ತಿರುಗಿ ಕಳಿಸಿದ್ದಾಳೆ. ಕಲ್ಲಣ್ಣ, ಒಂದು ಸಾಲನ್ನೂ ಬಿಡಬೇಡ. ನಿನ್ನ ಹೆಸರು ಬಂದಲ್ಲಿಯೂ ಬಿಡಬೇಡ.

*

20 ಸಪ್ಟೆಂಬರ 1955

ಚಿ. ಕು. ಚಂದ್ರಭಾಗಾಳಿಗೆ ಅನೇಕ ಆಶೀರ್ವಾದಗಳು.

ನೀನು ಸೋಲಾಪುರದಲ್ಲಿ ಕ್ಷೇಮವಾಗಿರುವೆ ಎಂದು ನಂಬಿದ್ದೇನೆ. ಪಟ್ಟಣದ ಗದ್ದಲಕ್ಕೆ ಮನಸ್ಸು ಕೊಡದೆ ಅತ್ತೆಯ ಮಾತಿನಂತೆ ನಡೆದುಕೊಳ್ಳಬೇಕು. ಕಲಿತ ಪದ್ಯಗಳನ್ನು ದಿನಕ್ಕೊಮ್ಮೆಯಾದರೂ ಬಾಯಲ್ಲಿ ಹೇಳಿಕೊಳ್ಳುತ್ತಿರು. ಬಿತ್ತಿದ್ದು ಹಾಳಾಗಬಾರದು.

ನಡೆದದ್ದು ನಡೆದು ಹೋಯಿತು. ಗುರುವಿನ ಸಿಟ್ಟು ಮಳೆಯ ಹಾಗೆ. ಬಿದ್ದಾಗ ತೋಯಿಸುತ್ತದೆ, ಆಮೇಲೆ ಬೆಳೆ ಬರುತ್ತದೆ. ಕೊಲೆ, ಕಳ್ಳತನ, ಗೂಢ ಎಂಬ ಕಥೆಗಳು ಎಳೆಯ ಬುದ್ಧಿಗೆ ಗೆದ್ದಲು ಹಿಡಿಸುತ್ತವೆ ಎಂಬುದನ್ನು ದೊಡ್ಡವಳಾದ ಮೇಲೆ ನೀನೇ ಒಪ್ಪುವೆ.

ಇನ್ನೊಂದು ಸಣ್ಣ ಮಾತು. ಆ ಪುಸ್ತಕದ ಕೊನೆಯ ಎಂಟು ಹಾಳೆಗಳು ನಿನ್ನಲ್ಲಿ ಉಳಿದಿರಬೇಕು. ಜಪ್ತಾದ ವಸ್ತು ಪೂರ್ಣವಾಗಿರುವುದು ಶಿಸ್ತಿನ ದೃಷ್ಟಿಯಿಂದ ಅವಶ್ಯ. ಆದ್ದರಿಂದ ಅವುಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸು. ಅವಸರವಿಲ್ಲ. ಆದರೂ ಬೇಗ ಕಳಿಸಿದರೆ ಒಳ್ಳೆಯದು.

ಇತಿ ಆಶೀರ್ವಾದಗಳು,
ಅಣ್ಣಾರಾಯ

*

ನವಿ ಪೇಠ, ಸೋಲಾಪುರ
9 ಅಕ್ಟೋಬರ 1955

ತೀರ್ಥರೂಪ ಸಮಾನರಾದ ಗುರುಗಳ ಚರಣಗಳಿಗೆ ಚಂದ್ರಭಾಗಾಳ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಇಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಬೀಳುವುದೇ ಅಪರೂಪ. ಅಂಗಡಿಯ ಹಲಗೆಗಳೆಲ್ಲ ಮರಾಠಿ. ಅತ್ತೆಯದು ಕಂಬಳಿಯ ಅಂಗಡಿ. ಮುಂಜಾನೆ ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಎದ್ದು ನಾನು ಕಂಬಳಿ ಝಾಡಿಸಿ ಮಡಚಿ ಇಡುತ್ತೇನೆ. ನಮ್ಮ ಊರಿನ ಕಂಬಳಿ ಬಂದರೆ ಮೂಸಿ ನೋಡುತ್ತೇನೆ. ಅತ್ತೆ ನಗುತ್ತಾಳೆ.

ಗುರುಗಳೇ, ಪುರಾಣದೊಳಗೆ ಆ ಪುಸ್ತಕ ಇಟ್ಟದ್ದು ನನ್ನ ತಪ್ಪು. ಮೊದಲ ಎರಡು ದಿನ ಪುರಾಣವನ್ನೇ ಓದಿದೆ. ಅರ್ಧ ಮಂದಿ ತೂಕಡಿಸಿದರು. ಮೂರನೆಯ ದಿನ ಅಕ್ಕನಾಗಮ್ಮಜ್ಜಿಯೇ, "ಈ ದೇವರ ಕಥಿ ನಮಗ ಗೊತ್ತೈತೆ ತಂಗಿ, ಕಡೀಕ ದೇವರ ಗೆಲ್ತಾನ. ಯಾರ ಗೆಲ್ತಾರ ಅಂತ ಗೊತ್ತಿರಲಾರದ್ದು ಏನರ ಐತೇನು?" ಎಂದು ಕೇಳಿದಳು. ಅದಕ್ಕೇ ಅತ್ತೆ ತಂದುಕೊಟ್ಟ ಪುಸ್ತಕ ತೆಗೆದೆ. ಆಮೇಲೆ ಯಾರೂ ತೂಕಡಿಸಲಿಲ್ಲ.

ಹಾಳೆಗಳು ನನ್ನ ಟ್ರಂಕಿನಲ್ಲಿವೆ. ನಾನು ಓದಿಲ್ಲ. ನಾವು ಓದಿ ನಿಲ್ಲಿಸಿದ್ದು ಮಾಲಿನಿ ಗೋದಾಮಿನ ಬಾಗಿಲಿಗೆ ಕೈ ಹಚ್ಚಿದಲ್ಲಿ. ನಡುವಿನದನ್ನು ಬಿಟ್ಟು ಕೊನೆ ಓದುವುದು ಲೆಕ್ಕ ಮಾಡದೆ ಉತ್ತರ ನೋಡಿದಂತೆ ಎಂದು ನೀವೇ ಕಲಿಸಿದ್ದೀರಿ.

ಒಂದು ಬೇಡಿಕೆ ಇದೆ. ಸಭೆಯಲ್ಲಿ ಯಾರೋ ನನ್ನ ಮೇಲೆ ಮಾತು ಎತ್ತಿದರಂತೆ. ಅಪ್ಪ ಹೆಸರು ಹೇಳಲಿಲ್ಲ. "ನಾಕ ಮಂದ್ಯಾಗ ಮಾತ ಬಂತು, ಸಾಕಿನ್ನ ಸಾಲಿ" ಎಂದಷ್ಟೇ ಅಂದ. ಅಂದು ನೀವು ಸಭೆಯಲ್ಲಿ ಇರಲಿಲ್ಲವೇನೋ, ಇದ್ದಿದ್ದರೆ ತಡೆಯುತ್ತಿದ್ದಿರಿ. ನೀವು ಒಂದು ಮಾತು ಹೇಳಿದರೆ ಅಪ್ಪ ಕೇಳುತ್ತಾನೆ. ಈ ವರ್ಷ ಮುಲ್ಕಿ ಪಾಸಾದರೆ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ಹೋಗಿ ಮಾಸ್ತರಬಾಯಿ ಆಗುವೆನೆಂದು ನೀವೇ ಆಸೆ ಹಚ್ಚಿದ್ದಿರಿ. ಈ ವರ್ಷ ತಪ್ಪಿದರೆ ಮುಂದೆ ಮದುವೆಯ ಮಾತು ಬರುತ್ತದೆ, ಆಮೇಲೆ ಕೇಳುವವರಿಲ್ಲ. ಅದನ್ನು ಯಾರು ಹೇಳಿದರೆಂದು ತಿಳಿದರೆ ಅವರ ಕಾಲಿಗೆ ಬಿದ್ದಾದರೂ ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಚಂದ್ರಭಾಗಾ

*

2 ನವೆಂಬರ 1955

ಚಿ. ಕು. ಚಂದ್ರಭಾಗಾಳಿಗೆ ಆಶೀರ್ವಾದಗಳು.

ನಿನ್ನ ಅಕ್ಷರ ದುಂಡಾಗಿದೆ, ಸಂತೋಷ. ನಿನ್ನ ತಂದೆ ಹಟದ ಮನುಷ್ಯ. ಸಮಯ ನೋಡಿ ಮಾತಾಡುವೆ. ಯಾರು ಹೇಳಿದರು ಎಂಬುದನ್ನು ಕೆದಕುವುದರಲ್ಲಿ ಏನು ಲಾಭ? ಊರೆಂದ ಮೇಲೆ ಬಾಯಿಗಳಿರುತ್ತವೆ. ಅಕ್ಕನಾಗಮ್ಮನ ಬಾಯಿಗೆ ಬಾಗಿಲಿಲ್ಲ. ಕಲ್ಲಣ್ಣನಿಗೆ ದುಧನಿಯ ಸಂತೆಯಲ್ಲಿ ಸುದ್ದಿ ಹರಡದಿದ್ದರೆ ಊಟ ಸೇರದು. ಹಣಮಂತಪ್ಪ ಪಾಟೀಲರು ಹೆಣ್ಣುಮಕ್ಕಳ ಓದಿನ ಬಗ್ಗೆ ಹಳೆಯ ವಿಚಾರದವರು. ಯಾರೆಂದು ಹೇಳುವುದು? ಕುಂಟ ಹಮಾಲನ ಪ್ರಸಂಗದಲ್ಲಿ ಕಂಡಂತೆ ಮುಖ ನೋಡಿ ಮನುಷ್ಯನನ್ನು ಅಳೆಯಲಾಗದು.

ನೀನು ಹೇಗೂ ನವಿ ಪೇಠೆಯಲ್ಲಿರುವೆ. ಈ ಬಗೆಯ ಕೆಟ್ಟ ಪುಸ್ತಕಗಳ ಹಾವಳಿ ಎಷ್ಟಿದೆ, ಮಾಲೆಯಲ್ಲಿ ಒಟ್ಟು ಎಷ್ಟು ಬಂದಿವೆ, ಆರನೆಯದು ಬಂದಿದೆಯೇ ಎಂದು ವಿಚಾರಿಸಿ ತಿಳಿಸು. ವಿರೋಧಿಸುವವನಿಗೆ ಪೂರ್ಣ ಮಾಹಿತಿ ಬೇಕು.

ಹಾಳೆಗಳು ಬರಲಿಲ್ಲ.

ಇತಿ,
ಅಣ್ಣಾರಾಯ

*

ನವಿ ಪೇಠ, ಸೋಲಾಪುರ
25 ನವೆಂಬರ 1955

ಗುರುಗಳ ಚರಣಗಳಿಗೆ ನಮಸ್ಕಾರಗಳು.

ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ತಪ್ಪಿದ್ದರೆ ಮಗಳೆಂದು ಕ್ಷಮಿಸಿರಿ.

ನಾವು ಓದಿದ ಭಾಗದಲ್ಲಿ ಕುಂಟ ಹಮಾಲ ಬರುವುದಿಲ್ಲ. ಅಂದರೆ ಗೋದಾಮಿನ ಬಾಗಿಲ ಆಚೆಗೂ ನೀವು ಹೋಗಿದ್ದೀರಿ. ಆರನೆಯದು ಕೇಳಿದ್ದೀರಿ, ಐದನೆಯದನ್ನು ಕೇಳಲಿಲ್ಲ. ಅದು ನಿಮ್ಮಲ್ಲಿ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಹೇಳಿದಳು: "ದೀಪಾವಳಿ ಮುಂದ ನಿಮ್ಮ ಮಾಸ್ತರ ಹಳೀ ಪುಸ್ತಕದ ಅಂಗಡಿ ಮುಂದ ಛತ್ರಿ ಮರೀಗಿ ನಿಂತಿದ್ದ ನೋಡು. ಮಳಿನೂ ಇಲ್ಲ, ಬಿಸಲೂ ಇಲ್ಲ. ಶೆರೆ ಕೊಳ್ಳಾಕ ಬಂದಾವ್ರಂಗ ಆ ಕಡಿ ಈ ಕಡಿ ನೋಡಾಕತ್ತಿದ್ದ. ನಾ ಕರದೆ, ಇನ್ನೂ ಬಿರಬಿರನೆ ನಡದಾ." ಆ ಅಂಗಡಿಯಿಂದ ನಮ್ಮ ಮನೆ ನೂರು ಹೆಜ್ಜೆ ಇಲ್ಲ, ಗುರುಗಳೇ.

ಇದೆಲ್ಲ ನಗುವ ಮಾತು. ನಾನೂ ಅತ್ತೆಯೂ ನಕ್ಕೆವು. ಇನ್ನೊಂದಕ್ಕೆ ನಗು ಬರಲಿಲ್ಲ. ಜನ ತಂತಿಯಲ್ಲಿ ಬರೆಸಿದ ಮಾತಿಗಿಂತ ಬಿಟ್ಟ ಮಾತನ್ನು ನೋಡಬೇಕು ಎಂದು ಮಾಲಿನಿ ಹೇಳುತ್ತಾಳಲ್ಲ, ಹಾಗೆ ನಿಮ್ಮ ಕಾಗದ ನೋಡಿದೆ. ಹೇಳಿರಬಹುದಾದ ಎಲ್ಲರ ಹೆಸರನ್ನೂ ನೀವು ಬರೆದಿರಿ. ಅಂದು ಸಭೆಯಲ್ಲಿ ಎದ್ದು ನಿಂತು ಮಾತಾಡುವ ರೂಢಿ ಇರುವ ಒಬ್ಬರ ಹೆಸರು ಬಿಟ್ಟಿರಿ. ಅಕ್ಕನಾಗಮ್ಮಜ್ಜಿ ಸಭೆಗೆ ಬರುವವಳೇ ಅಲ್ಲ. ಪಾಟೀಲರು ನಾಲ್ಕನೆಯ ಇಯತ್ತೆಯಲ್ಲಿ ನನಗೆ ಪಾಟಿ ಬಹುಮಾನ ಕೊಟ್ಟವರು. ಅಪ್ಪ ಕಲ್ಲಣ್ಣನ ಮಾತಿಗೆ ಒಂದು ಕುರಿಯನ್ನೂ ಮಾರುವವನಲ್ಲ. ಮಗಳ ಶಾಲೆ ಬಿಡಿಸಬೇಕಾದರೆ ಅವನು ದೇವರಂತೆ ನಂಬಿದವರೇ ಹೇಳಿರಬೇಕು.

ನಾನು ಇದನ್ನು ಕಂಡುಹಿಡಿಯಬಾರದಿತ್ತು. ಮಾಲಿನಿಗೆ ಕೊನೆಯಲ್ಲಿ ಸಂತೋಷವಾಗುತ್ತದೆ, ನನಗೆ ನಾಚಿಕೆಯಾಯಿತು. ಓದಲು ಕಲಿಸಿದವರ ಕಾಗದವನ್ನೇ ಹೀಗೆ ಓದಿದೆನಲ್ಲ ಎಂದು. ಹಾಳೆಗಳನ್ನು ಕಳಿಸುವುದಿಲ್ಲ. ಸಿಟ್ಟಿಗಲ್ಲ. ಏನು ಮಾಡಬೇಕೆಂದು ತಿಳಿಯದು.

ಚಂದ್ರಭಾಗಾ

*

28 ಜನೆವರಿ 1956

ಚಿ. ಚಂದ್ರಭಾಗಾ,

ಎರಡು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ಬರೆದು ಹರಿದವು ಆರೋ ಏಳೋ. ಎಲ್ಲದರಲ್ಲಿಯೂ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ.

ನೀನು ಬರೆದದ್ದೆಲ್ಲ ನಿಜ. ಸಭೆಯಲ್ಲಿ ಹೇಳಿದವನು ನಾನು. ನೀನು ಕೇಳಿದಾಗ ಮೂವರು ನಿರಪರಾಧಿಗಳ ಕಡೆಗೆ ಬೊಟ್ಟು ಮಾಡಿದವನೂ ನಾನು. ನೂರು ಹೆಜ್ಜೆ ದೂರದಿಂದ ತಿರುಗಿ ಹೋದವನೂ ನಾನು. ಕೈಚೀಲದಲ್ಲಿ ಮಾಲಿನಿಯ ಮೂರು ಪುಸ್ತಕಗಳಿದ್ದವು. ಶಾಲೆಗೆ ನಕಾಶೆ ತರುವೆನೆಂದು ಹೇಳಿ ಹೋದವನು ನಕಾಶೆಯನ್ನು ಮರೆತೇ ಬಂದೆ.

ಹೇಗಾಯಿತೆಂದು ಹೇಳುತ್ತೇನೆ. ಜಪ್ತು ಮಾಡಿದ ಪುಸ್ತಕದ ದೋಷ ತೋರಿಸಬೇಕೆಂದು ಮೊದಲ ಪುಟ ತೆರೆದೆ. ಅಲ್ಲಿ, ತಾಯಿ ಸತ್ತ ಸುದ್ದಿಯನ್ನು ಮೂರೇ ಶಬ್ದಗಳಲ್ಲಿ ಕಳಿಸಲು ಬಂದ ಒಬ್ಬ ಮನುಷ್ಯನ ಬೂಟು ಒದ್ದೆಯಾಗಿತ್ತು. ಅಂದು ಮಳೆ ಬಂದಿರಲಿಲ್ಲ. ಮಾಲಿನಿ ಅದನ್ನು ನೋಡಿದಳು. ಅಷ್ಟೇ. ನಾನು ಎರಡನೆಯ ಪುಟ ತಿರುವಿದೆ. "ಕಣ್ಣು ತೆರೆದು ನೋಡಿ ಕಲಿಯಿರಿ" ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ನೋಡುವುದು ಎಂದರೇನು ಎಂದು ಆ ಪುಸ್ತಕದ ಹುಡುಗಿ ನನಗೆ ತೋರಿಸಿದಳು. ಆಮೇಲೆ ನಾನೂ ಪತ್ತೇದಾರನಾದೆ. ಶಾಲೆಯಲ್ಲಿ ಹಲಗೆಗೆ ಬರೆಯುವ ಖಡು ಕಳುವಾಗುತ್ತಿದೆ ಎಂದು ಇಡೀ ಒಂದು ದಿನ ಮಕ್ಕಳ ಬೆರಳು ಪರೀಕ್ಷಿಸಿ, ಸಂಜೆ ನನ್ನ ಕೋಟಿನ ಕಿಸೆಯಲ್ಲಿ ನಾಲ್ಕು ತುಂಡು ಕಂಡೆ.

ಈಗ ಕೆಟ್ಟ ಮಾತು ಕೇಳು. ಮಕ್ಕಳು ಲೆಕ್ಕ ಮಾಡುತ್ತಿರುವಾಗ ಓದುವುದು ರೂಢಿಯಾಯಿತು. ಯಾರಿಗೂ ಕಾಣಬಾರದೆಂದು ಪುಸ್ತಕವನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ. ನೀನು ಪುರಾಣದೊಳಗೆ ಇಟ್ಟಂತೆಯೇ! ಇದು ನನಗೆ ಹೊಳೆಯಲೇ ಇಲ್ಲ. ಹೋದ ವಾರ ಹಾಜರಿ ಕರೆಯುತ್ತಿದ್ದೆ. ನಿನ್ನ ಹೆಸರಿಗೆ ನಾನೇ ಕೆಂಪು ಗೆರೆ ಎಳೆದ ಜಾಗಕ್ಕೆ ಬಂದೆ. ಬಾಯಿ ತಪ್ಪಿ "ಮಾಲಿನಿ" ಎಂದೆ. ಒಂದು ಹುಡುಗಿ ಎದ್ದು, "ಹೊಸಾ ಹುಡುಗಿ ಏನ್ರಿ ಮಾಸ್ತರ?" ಎಂದಳು. ಹಿಂದಿನಿಂದ ಇನ್ನೊಬ್ಬಳು, "ಅಲ್ಲ, ಅದು ಚಂದ್ರಿ ಜಾಗಾ. ಚಂದ್ರಿ ಈಗ ಇಲ್ಲಲ್ಲಾ" ಎಂದಳು.

ಇಲ್ಲದ ಹುಡುಗಿಯೊಬ್ಬಳನ್ನು ನಾನು ಹಾಜರಿಗೆ ಕರೆಯುತ್ತಿದ್ದೆ. ಇದ್ದವಳನ್ನು ಹೊರಗೆ ಹಾಕಿದ್ದೆ. ಆ ದಿನ ಪಾಠ ಆಗಲಿಲ್ಲ.

ಮರುದಿನ ಕುರಿಹಟ್ಟಿಗೆ ಹೋಗಿ ನಿನ್ನ ತಂದೆಯ ಮುಂದೆ ನನ್ನ ಮಾತು ತಪ್ಪೆಂದು ಹೇಳಿದೆ, ಅರ್ಜಿ ಚಾಚಿದೆ. ಅವನು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ತಲೆಯೆತ್ತದೆ ಹೇಳಿದ: "ಮಾಸ್ತರ, ಅವತ್ತ ನಾಕ ಮಂದಿ ಮುಂದ ಹೇಳಿದ್ರಿ. ಇವತ್ತ ಕುರಿ ಮುಂದ ಹೇಳಾಕತ್ತೀರಿ. ಕುರಿ ಯಾರ ಮುಂದ ಸಾಕ್ಷಿ ಹೇಳ್ತಾವರಿ?" ನಾನು ಅರ್ಜಿ ಮಡಚಿಕೊಂಡು ಬಂದೆ. ಅವನು ಕೇಳಿದ್ದು ನ್ಯಾಯ.

ಸಭೆಯಲ್ಲಿ ಹೇಳಬೇಕು. ಹೇಳಿದರೆ ಈ ಊರಿನಲ್ಲಿ ಮಾಸ್ತರನಾಗಿ ನಾನು ಹೇಗೆ ಉಳಿಯುವೆ ಎಂಬುದು ಇನ್ನೂ ತಿಳಿಯದು. ಧೈರ್ಯ ಬಂದಿಲ್ಲ ಎಂಬುದನ್ನೂ ನಿನಗೆ ಮುಚ್ಚಿಡಲಾರೆ. ಹಾಳೆಗಳನ್ನು ಕಳಿಸಬೇಡ. ನಾನು ಅವುಗಳಿಗೆ ಯೋಗ್ಯನಲ್ಲ.

ಅಣ್ಣಾರಾಯ

*

ನವಿ ಪೇಠ, ಸೋಲಾಪುರ
6 ಫೆಬ್ರುವರಿ 1956

ಗುರುಗಳ ಚರಣಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಖಡುವಿನ ಮಾತಿಗೆ ನಕ್ಕಳು, ಹಾಜರಿಯ ಮಾತಿಗೆ ಸೆರಗು ಕಣ್ಣಿಗೆ ಹಚ್ಚಿದಳು. "ಮಾಸ್ತರಗ ಬರೀ, ಅವರು ಕಳ್ಳ ಅಲ್ಲ, ಸಿಕ್ಕಬಿದ್ದ ಓದುಗ" ಎಂದಳು. ಬರೆದಿದ್ದೇನೆ.

ನೀವು ಬರೆದ ಕಾಗದಗಳೆಲ್ಲ ಇದರ ಜೊತೆಗಿವೆ. ನಾನು ಯಾರಿಗೂ ತೋರಿಸಿಲ್ಲ. ಸುಟ್ಟರೂ ನಿಮ್ಮವು, ಓದಿಸಿದರೂ ನಿಮ್ಮವು. ಬೇರೆ ಲಕೋಟೆಯಲ್ಲಿ ಎಂಟು ಹಾಳೆಗಳನ್ನು ಅಂಟಿಸಿ ಇಟ್ಟಿದ್ದೇನೆ. ನಾನು ಇನ್ನೂ ಓದಿಲ್ಲ. ಅವು ಯೋಗ್ಯತೆ ನೋಡಿ ಕೊಡುವಂಥವಲ್ಲ, ಗುರುಗಳೇ. ಗುಡಿಯ ಕಟ್ಟೆಯ ಮೇಲೆ ಹನ್ನೆರಡು ಮಂದಿ ಕದುರು ಹಿಡಿದು ಕಾದಿದ್ದಾರೆ, ಅವು ಅವರವು.

ಭೂಗೋಳ ಮುಗಿಸಿದ್ದೇನೆ. ದಶಾಂಶದಲ್ಲಿ ಇನ್ನೂ ಎಡವುತ್ತೇನೆ. ನೀವು ಇದ್ದಿದ್ದರೆ ಬೈಯುತ್ತಿದ್ದಿರಿ.

ತಮ್ಮ ವಿದ್ಯಾರ್ಥಿನಿ,
ಚಂದ್ರಭಾಗಾ

*

ಕಾಗದಗಳು ಮುಗಿದವು. ಕಲ್ಲಣ್ಣ, ನೀರು ಕುಡಿ. ಸಂತೆಯ ಸುದ್ದಿಯ ಮಾತಿಗೆ ನಿನ್ನ ಕ್ಷಮೆ ಬೇಡುತ್ತೇನೆ. ಪಾಟೀಲರೇ, ತಮ್ಮದೂ. ಅಕ್ಕನಾಗಮ್ಮ, ನಿನ್ನ ಬಾಯಿಗೆ ಬಾಗಿಲಿಲ್ಲ ಎಂದು ಬರೆದ ನನ್ನ ಕೈಗೆ ಅಂದು ಬಾಗಿಲಿರಬೇಕಾಗಿತ್ತು.

ಹೋದ ಶ್ರಾವಣದಲ್ಲಿ ಇಲ್ಲಿ ನಾನಾಡಿದ ಮಾತು ಸುಳ್ಳು. ಅಕ್ಷರ ಆ ಹುಡುಗಿಗೆ ದಕ್ಕಿದಷ್ಟು ನನ್ನ ಕೈಯಲ್ಲಿ ಕಲಿತ ಬೇರೆ ಯಾರಿಗೂ ದಕ್ಕಿಲ್ಲ. ನಾನು ಬಚ್ಚಿಟ್ಟ ಸುಳ್ಳನ್ನು ಅವಳು ನಾನು ಕಲಿಸಿದ ಅಕ್ಷರದಿಂದಲೇ ಓದಿದಳು. ಒಬ್ಬ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ. ಇದಕ್ಕಿಂತ ದೊಡ್ಡ ಅವಮಾನವೂ ಇಲ್ಲ. ಎರಡನ್ನೂ ತಮ್ಮೆದುರಿಗೆ ತೆಗೆದುಕೊಂಡಿದ್ದೇನೆ.

ಆ ಲಕೋಟೆ ಮೇಜಿನ ಮೇಲಿದೆ. ಅಂಟು ಬಿಚ್ಚಿಲ್ಲ, ನೋಡಿರಿ. ಒಂದು ಸಲ ಬಿಸಿಲಿಗೆ ಹಿಡಿದು ನೋಡಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು, ಏನೂ ಕಾಣಲಿಲ್ಲ. ನಾಲ್ಕನೆಯ ಪುಸ್ತಕವನ್ನೂ, ನಾನು ಸೋಲಾಪುರದಿಂದ ಕದ್ದುಮುಚ್ಚಿ ತಂದ ಮೂರನ್ನೂ ಅದರ ಪಕ್ಕದಲ್ಲಿಟ್ಟಿದ್ದೇನೆ. ಇನ್ನು ಅವು ವಾಚನಾಲಯದವು. ಕಪಾಟಿನಲ್ಲಿ ಪುರಾಣದ ಒಳಗಲ್ಲ, ಪುರಾಣದ ಪಕ್ಕದಲ್ಲಿ ನಿಲ್ಲಲಿ. ಆ ಲಕೋಟೆಯನ್ನು ಚಂದ್ರಭಾಗಾಳೇ ಗುಡಿಯ ಕಟ್ಟೆಯ ಮೇಲೆ ಒಡೆದು ಓದಲಿ. ಅಲ್ಲಿಯವರೆಗೆ ಕೊಂದವರು ಯಾರೆಂದು ತಿಳಿಯದೆ ಬದುಕುವುದು ನನಗೆ ತಕ್ಕ ಶಿಕ್ಷೆ. ಅಕ್ಕನಾಗಮ್ಮನಿಗೂ ಅದೇ ಶಿಕ್ಷೆ ತಟ್ಟುವುದಕ್ಕೆ ಮಾತ್ರ ವಿಷಾದವಿದೆ.

ಗೊಲ್ಲಾಳಪ್ಪನವರೇ, ಅಂದು ನಾಲ್ಕು ಮಂದಿಯ ಮುಂದೆ ಹೇಳಿದೆ. ಇಂದು ಮಂದಿಯೂ ಹೆಚ್ಚಿದ್ದಾರೆ, ತಾಯಂದಿರೂ ಇದ್ದಾರೆ. ನೀವು ಕೇಳಿದ ಸಾಕ್ಷಿ ಇದು. ಸಭೆ ನಿಮ್ಮನ್ನು ಒತ್ತಾಯಿಸಬಾರದೆಂದು ಬೇಡುತ್ತೇನೆ. ನೀವು ಎದ್ದು ಹೋದರೆ ಆ ತಪ್ಪೂ ನನ್ನ ತಲೆಯ ಮೇಲೆಯೇ ಇರಲಿ. ಕೂತರೆ, ಅರ್ಜಿ ಇಲ್ಲಿದೆ. ಶಾಯಿಯ ಗಾದಿಯನ್ನು ಬಿಚ್ಚಿಯೇ ಇಟ್ಟಿದ್ದೇನೆ. ಒಳ್ಳೆಯ ನಡತೆಯ ಸಾಲಿನ ಕೆಳಗೆ ನನ್ನ ಸಹಿ ಆಗಿದೆ. ಅವಳ ನಡತೆಗೆ ನಾನು ಸಹಿ ಹಾಕಬೇಕಾದದ್ದೇ ವಿಚಿತ್ರ. ನಾಳೆ ಮುಂಜಾನೆಯ ಗಾಡಿಗೆ ಹೋಗಿ, ಅಕ್ಕಲಕೋಟದಲ್ಲಿ ಅರ್ಜಿ ಕೊಟ್ಟು, ಅಲ್ಲಿಂದ ಸೋಲಾಪುರದ ಗಾಡಿ ಹತ್ತುತ್ತೇನೆ. ಆ ನೂರು ಹೆಜ್ಜೆ ನನ್ನ ಪಾಲಿಗೆ ಬಾಕಿ ಇವೆ. ದಶಾಂಶವೂ ಬಾಕಿ ಇದೆ.

ಆದರೆ ಏನು ಬರೆದಿದೆ ಎಂದು ತಿಳಿಯದೆ ಯಾರೂ ಹೆಬ್ಬೆಟ್ಟು ಒತ್ತಬಾರದು. ಆದ್ದರಿಂದ, ಕಲ್ಲಣ್ಣ, ಈ ಕಾಗದ ಕೆಳಗಿಡು. ಅರ್ಜಿ ಎತ್ತಿಕೊ, ದೊಡ್ಡ ದನಿಯಲ್ಲಿ ಓದು. ಮೊದಲ ಸಾಲಿನಲ್ಲಿ ವಿದ್ಯಾರ್ಥಿನಿಯ ಹೆಸರಿದೆ. ಅಲ್ಲಿಂದ ಆರಂಭಿಸು.

ಅಣ್ಣಾರಾಯ